‘ಎಂಬಾತ’, ‘ಎಂಬವರು’: ಮಾಧ್ಯಮವನ್ನು ಓದಲು ಕಲಿಯುವುದು ಹೇಗೆ?

ಯಾವುದಾದರೂ ಕನ್ನಡ ಪತ್ರಿಕೆಯಲ್ಲಿ ಅಪರಾಧ ಸುದ್ದಿಗಳಿರುವ ಪುಟ ತೆಗೆಯಿರಿ. ಬೈಕ್ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದವನ ಸುದ್ದಿ ಇದ್ದೇ ಇರುತ್ತದೆ. ಅವನ ಹೆಸರಿನ ಪಕ್ಕ ‘ಎಂಬಾತ’ ಅಂತ ಇರುತ್ತದೆ. ಈಗ ಕೋಟಿಗಟ್ಟಲೆ ವಂಚಿಸಿದ ಆರೋಪ ಹೊತ್ತ ಉದ್ಯಮಿಯೊಬ್ಬರ ಸುದ್ದಿ ಹುಡುಕಿ. ಅಲ್ಲಿ ಬಹಳ ಸಲ ‘ಎಂಬವರು’ ಅಂತಲೋ ‘ಅವರನ್ನು ವಿಚಾರಣೆಗೆ ಒಳಪಡಿಸಲಾಗಿದೆ’ ಅಂತಲೋ ಇರುತ್ತದೆ. ಇಬ್ಬರ ಮೇಲೂ ಇರುವುದು ಬರೀ ಆರೋಪ. ಕೋರ್ಟು ಇನ್ನೂ ಏನೂ ಹೇಳಿಲ್ಲ. ಆದರೆ ಒಬ್ಬ ಆಗಲೇ ಏಕವಚನಕ್ಕೆ ಇಳಿದಿದ್ದಾನೆ, ಇನ್ನೊಬ್ಬರು ಬಹುವಚನದಲ್ಲೇ ಉಳಿದಿದ್ದಾರೆ. ನೋಡಿ, ಈಗ ಈ ಸಾಲುಗಳನ್ನು ಬರೆಯುವಾಗ ನನ್ನ ಕೈ ಕೂಡ ಹಾಗೇ ಓಡಿತು. ‘ಸಿಕ್ಕಿಬಿದ್ದವನು’ ಅಂದೆ, ‘ಉದ್ಯಮಿಯೊಬ್ಬರು’ ಅಂದೆ. ಅಳಿಸದೆ ಹಾಗೇ ಬಿಟ್ಟಿದ್ದೇನೆ.

ನಾನು ಪದವಿ ತರಗತಿಗಳಿಗೆ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ‘ಪ್ರಾತಿನಿಧ್ಯ’, ‘ಪ್ರಕಾರ’, ‘ಸಂಕೇತ’ ಅಂತೆಲ್ಲ ನೋಟ್ಸ್ ಬರೆದುಕೊಂಡು, ಪರೀಕ್ಷೆಯಲ್ಲಿ ಅದನ್ನೇ ತಿರುಗಿ ಬರೆದು, ಸಂಜೆ ಮನೆಗೆ ಹೋಗಿ ಟಿವಿ ಮುಂದೆ ಕೂತಾಗ ಅದರಲ್ಲಿ ಒಂದನ್ನೂ ಬಳಸದೆ ಇರುವ ಮಕ್ಕಳನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಈ ಪದಗಳು ಬಾಯಿಪಾಠಕ್ಕೆ ಇರುವಂಥವಲ್ಲ. ಪ್ರಶ್ನೆ ಕೇಳಲು ಇರುವಂಥವು. ಆ ಪ್ರಶ್ನೆಗಳನ್ನು ಹೇಗೆ ಕೇಳಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಪತ್ರಿಕೋದ್ಯಮ ಓದುವವರಿಗೆ ಮಾತ್ರ ಅಂತಲ್ಲ, ದಿನಾ ಮೊಬೈಲ್ ನೋಡುವ ಯಾರು ಬೇಕಾದರೂ ಮಾಡಬಹುದು.

1. ಚಿಕ್ಕದೊಂದನ್ನು ಹಿಡಿದುಕೊಳ್ಳಿ

‘ಕನ್ನಡ ಸಿನಿಮಾದಲ್ಲಿ ಮಹಿಳೆ’ ಅಂತ ವಿಷಯ ಇಟ್ಟುಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ. ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದಿದ್ದು 1934ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬಂದದ್ದನ್ನೆಲ್ಲ ಯಾರು ನೋಡಿ ಮುಗಿಸುತ್ತಾರೆ ಹೇಳಿ? ಹಾಗಾಗಿ ಅಂಥ ಪ್ರಬಂಧದಲ್ಲಿ ‘ಮಹಿಳೆಯನ್ನು ಭೋಗದ ವಸ್ತುವಾಗಿ ತೋರಿಸಲಾಗಿದೆ’ ಅನ್ನುವ ಒಂದೇ ವಾಕ್ಯ ಐದು ಪುಟದಲ್ಲಿ ಐದು ಥರ ಬರುತ್ತದೆ.

ಒಂದು ಟ್ರೇಲರ್ ಸಾಕು. ಒಂದು ಜಾಹೀರಾತು ಸಾಕು. ಧಾರಾವಾಹಿಯ ಒಂದು ಕಂತು, ಪತ್ರಿಕೆಯ ಒಂದು ದಿನದ ಮುಖಪುಟ, ಸಿನಿಮಾದ ಒಂದು ದೃಶ್ಯ, ಇವು ಯಾವುದಾದರೂ ಸರಿ. ಅದನ್ನು ಮೂರು ಸಲ ನೋಡಿ. ಮೊದಲ ಸಲ ಸುಮ್ನೆ ನೋಡಿ, ಏನೂ ಬರೆಯಬೇಡಿ. ಎರಡನೇ ಸಲ ಸೌಂಡ್ ಆಫ್ ಮಾಡಿ ನೋಡಿ. ಮೂರನೇ ಸಲ ಫೋನನ್ನು ಮಗುಚಿ ಇಟ್ಟು ಬರೀ ಕೇಳಿ. ನ್ಯೂಸ್ ಚಾನೆಲ್‌ನ ಅರ್ಧ ಗಂಟೆಯನ್ನು ಹೀಗೆ ಶಬ್ದವಿಲ್ಲದೆ ನೋಡಿದರೆ, ಪರದೆ ಮೇಲೆ ಹೊಸದಾಗಿ ಬಂದ ದೃಶ್ಯ ಎಷ್ಟು, ತಿರುಗಿ ತಿರುಗಿ ಬಂದ ದೃಶ್ಯ ಎಷ್ಟು ಅಂತ ಬೆರಳಲ್ಲಿ ಎಣಿಸಬಹುದು. ಕಳೆದ ವರ್ಷ ಒಬ್ಬ ಹುಡುಗ ಎಣಿಸಿಕೊಂಡು ಬಂದ. ಒಂದೇ ಕಾರು ಒಂದೇ ಗೇಟಿನೊಳಗೆ 19 ಸಲ ಹೋಗಿತ್ತು.

ಇನ್ನೊಂದು ಮಾತು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಷ್ಟಪಟ್ಟು ನೋಡುವ ಸಿನಿಮಾವನ್ನೇ ಆರಿಸಿಕೊಂಡರೂ ತಪ್ಪಿಲ್ಲ, ನನ್ನ ಪ್ರಕಾರ ಅದೇ ಒಳ್ಳೆಯದು. ಪ್ರೀತಿ ಇದ್ದಲ್ಲಿ ತಾಳ್ಮೆ ಇರುತ್ತದೆ.

2. ಕಂಡದ್ದೇನು, ಹೊಳೆದದ್ದೇನು?

ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಕಣ್ಣಿಗೆ ಕಂಡದ್ದು, ಬಲಕ್ಕೆ ಅದನ್ನು ಕಂಡಾಗ ಮನಸ್ಸಿಗೆ ಹೊಳೆದದ್ದು. ಫ್ರಾನ್ಸ್‌ನ ಚಿಂತಕ ರೋಲಾ ಬಾರ್ತ್ ಜಾಹೀರಾತು, ಫೋಟೊಗಳನ್ನು ಓದಲು ಈ ಎರಡು ಪದರಗಳನ್ನು ಬೇರೆ ಮಾಡಿ ತೋರಿಸಿದರು. ಪಿಯುಸಿಯಲ್ಲಿ ಕನ್ನಡ ಓದಿದವರಿಗೆ ಇದು ಪೂರ್ತಿ ಹೊಸದೇನಲ್ಲ. ವಾಚ್ಯಾರ್ಥ ಒಂದು, ಧ್ವನಿ ಇನ್ನೊಂದು ಅಂತ ಕಾವ್ಯದ ಪಾಠದಲ್ಲಿ ಕೇಳಿರುತ್ತೀರಿ.

ಹಸಿರು ಶಾಲನ್ನೇ ತೆಗೆದುಕೊಳ್ಳಿ. ಎಡಗಡೆ ಬರೆಯುವುದು: ಹಸಿರು ಬಣ್ಣದ ಒಂದು ಬಟ್ಟೆ, ಹೆಗಲ ಮೇಲಿದೆ. ಬಲಗಡೆ ಏನು ಬರೆಯುತ್ತೀರಿ? ಕರ್ನಾಟಕದಲ್ಲಿ ಬೆಳೆದವರು ‘ರೈತ’, ‘ಹೋರಾಟ’ ಅಂತಲೇ ಬರೆಯುತ್ತಾರೆ. ಬಿಹಾರದಿಂದ ಬಂದವರಿಗೆ ಅದು ಹೊಳೆಯಬೇಕೆಂದಿಲ್ಲ. 1980ರ ಜುಲೈನಲ್ಲಿ ನಮ್ಮ ಕಡೆಯ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷ ರೈತ ಸಂಘ ಹುಟ್ಟಿತು. ಆ ಹೋರಾಟಗಳಲ್ಲಿ ಸಾವಿರಾರು ಹೆಗಲ ಮೇಲೆ ಕಂಡ ಮೇಲೆ ಆ ಬಟ್ಟೆಗೆ ಆ ಅರ್ಥ ಅಂಟಿಕೊಂಡಿತು. ಮುಂದೆ 2018ರಲ್ಲಿ ಯಡಿಯೂರಪ್ಪ ಅವರು ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಸರ್ಕಾರದ ವಿರುದ್ಧ ಬೀದಿಯಲ್ಲಿದ್ದ ಬಟ್ಟೆ ಸರ್ಕಾರದ ವೇದಿಕೆ ಹತ್ತಿತು. ಬಟ್ಟೆ ಅದೇ, ಅರ್ಥ ಕದಲಿತು. ಸಂಕೇತ ಅಂದರೆ ಇದು. ಅರ್ಥ ವಸ್ತುವಿನ ಒಳಗೆ ಇರುವುದಿಲ್ಲ, ಜನ ಅದನ್ನು ಬಳಸಿ ಬಳಸಿ ತುಂಬುತ್ತಾರೆ. ಯಾರು, ಯಾವಾಗ ತುಂಬಿದರು ಅಂತ ಕೇಳಿದರೆ ವಿಶ್ಲೇಷಣೆ ಶುರುವಾಯಿತು ಅಂತ.

ಕ್ಯಾಮೆರಾ, ಬೆಳಕು, ಸಂಗೀತಕ್ಕೂ ಇದೇ ಲೆಕ್ಕ. ಧಾರಾವಾಹಿಯಲ್ಲಿ ಅತ್ತೆಯ ಮುಖ ಮೂರು ಸಲ ಹತ್ತಿರ ಬಂದು ಮೂರು ಸಲ ಗುಡುಗಿದರೆ ಏನೋ ಕೆಟ್ಟದ್ದು ಕಾದಿದೆ ಅಂತ ನಾಲ್ಕು ವರ್ಷದ ಮಗುವಿಗೂ ಗೊತ್ತು. ಯಾರೂ ಕೂರಿಸಿ ಕಲಿಸಿಲ್ಲ.

3. ಪ್ರಾತಿನಿಧ್ಯ: ಯಾರನ್ನು ಹೇಗೆ ತೋರಿಸಿದ್ದಾರೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹೆಜ್ಜೆ ಇದು. ಇಲ್ಲಿ ಜಾಸ್ತಿ ಹೊತ್ತು ನಿಲ್ಲೋಣ.

‘ಪ್ರಾತಿನಿಧ್ಯ’ ಅಂದ ಕೂಡಲೇ ವಿಧಾನಸಭೆ ನೆನಪಾಗುತ್ತದೆ. ಒಂದು ಲೆಕ್ಕದಲ್ಲಿ ಸರಿಯೇ. ಯಾರೋ ಒಬ್ಬರು ಇನ್ನೂ ಸಾವಿರಾರು ಜನರ ಪರವಾಗಿ ನಿಲ್ಲುತ್ತಾರೆ. ಪರದೆ ಮೇಲೆ ಒಬ್ಬ ಪೌರಕಾರ್ಮಿಕ ಬಂದರೆ, ಪೌರಕಾರ್ಮಿಕರನ್ನು ಹತ್ತಿರದಿಂದ ನೋಡದ ಎಲ್ಲರ ಮನಸ್ಸಿನಲ್ಲೂ ಆ ಒಬ್ಬನೇ ಎಲ್ಲರ ಪರವಾಗಿ ನಿಂತುಬಿಡುತ್ತಾನೆ. ಮಾಧ್ಯಮ ಕನ್ನಡಿ ಅಂತ ಹೇಳುವುದುಂಟು. ಕನ್ನಡಿ ಆರಿಸುವುದಿಲ್ಲ. ಮಾಧ್ಯಮದಲ್ಲಿ ಯಾರೋ ಕೂತು ಯಾವುದನ್ನು ತೋರಿಸಬೇಕು, ಯಾವ ಕಡೆಯಿಂದ ತೋರಿಸಬೇಕು, ಯಾವ ಮಾತಲ್ಲಿ ಹೇಳಬೇಕು ಅಂತ ಆರಿಸಿರುತ್ತಾರೆ. ಆ ಆಯ್ಕೆಗಳನ್ನು ಹುಡುಕುವುದೇ ಈ ಹೆಜ್ಜೆಯ ಕೆಲಸ.

ಮೊದಲು ವ್ಯಾಕರಣ ನೋಡಿ. ಕನ್ನಡದಲ್ಲಿ ಓದುವ ನಮಗೆ ಇದೊಂದು ಅನುಕೂಲ. ಇಂಗ್ಲಿಷ್‌ನಲ್ಲಿ ಪ್ರಧಾನಿಗೂ ಜೇಬುಗಳ್ಳನಿಗೂ ‘ಹೀ’ ಒಂದೇ. ನಮ್ಮಲ್ಲಿ ಅವನು, ಆತ, ಅವರು ಅಂತ ಮೆಟ್ಟಿಲುಗಳಿವೆ. ‘ಆಕೆ’, ‘ಅವಳು’, ‘ಅವರು’ ಇವುಗಳಲ್ಲಿ ಯಾವುದನ್ನು ಯಾವ ಹೆಂಗಸಿಗೆ ಬಳಸಿದ್ದಾರೆ ಅಂತ ಒಂದು ವಾರದ ಪತ್ರಿಕೆಯಲ್ಲಿ ಗುರುತು ಹಾಕಿ ನೋಡಿ. ವೈದ್ಯೆಗೆ ಯಾವುದು, ಮನೆಗೆಲಸದವರಿಗೆ ಯಾವುದು? ಕ್ರಿಕೆಟ್ ಆಟಗಾರರಿಗೆ ಮಾತ್ರ ಪ್ರೀತಿಯಿಂದ ಏಕವಚನ ಸಿಗುತ್ತದೆ. ಅದು ಬೇರೆ ಥರದ ಏಕವಚನ. ಆ ವ್ಯತ್ಯಾಸವನ್ನೂ ಬರೆದುಕೊಳ್ಳಿ.

ಆಮೇಲೆ ಕ್ರಿಯಾಪದ. ಮಾದರಿಗೆ ನಾನೇ ಎರಡು ತಲೆಬರಹ ಬರೆಯುತ್ತೇನೆ. ‘ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಕಾರ್ಮಿಕರ ಸಾವು’. ‘ಮ್ಯಾನ್‌ಹೋಲ್‌ಗೆ ಇಳಿಸಿದ್ದ ಇಬ್ಬರು ಕಾರ್ಮಿಕರ ಸಾವು’. ಇಳಿದ, ಇಳಿಸಿದ್ದ. ಮೊದಲನೆಯದನ್ನು ಓದಿದರೆ ಅವರು ತಾವಾಗಿ ಇಳಿದರು, ಸತ್ತರು, ಪಾಪ ಅನಿಸುತ್ತದೆ. ಎರಡನೆಯದನ್ನು ಓದಿದ ಕೂಡಲೇ ‘ಇಳಿಸಿದ್ದು ಯಾರು?’ ಅಂತ ಕೇಳಬೇಕೆನಿಸುತ್ತದೆ. 2013ರ ಕಾಯ್ದೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಚರಂಡಿಯ ಗುಂಡಿಗೆ ಇಳಿಸುವುದನ್ನು ನಿಷೇಧಿಸಿದೆ. ಹಾಗಿರುವಾಗ ‘ಇಳಿದ’ ಅಂತ ಬರೆದರೆ, ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ, ಒಬ್ಬ ಆರೋಪಿ ವಾಕ್ಯದಿಂದ ಹೊರಗೆ ಹೋಗಿಬಿಡುತ್ತಾನೆ. ಡೆಸ್ಕ್‌ನಲ್ಲಿ ರಾತ್ರಿ 11 ಗಂಟೆಗೆ ಕಾಲಂ ಅಳತೆಗೆ ಅಕ್ಷರ ಹೊಂದಿಸುವ ಉಪಸಂಪಾದಕರ ಕಷ್ಟ ನನಗೆ ಗೊತ್ತು, ನಾನೂ ಎರಡು ವರ್ಷ ಆ ಕೆಲಸ ಮಾಡಿದ್ದೇನೆ. ಆದರೂ ಆ ಒಂದು ಅಕ್ಷರಕ್ಕೆ ಜಾಗ ಮಾಡಬೇಕು ಅಂತಲೇ ನನ್ನ ಅಭಿಪ್ರಾಯ.

ಇನ್ನು ಆಡುಮಾತು. ನಾನು ಗದಗ ಕಡೆಯವಳು. ಬೆಂಗಳೂರಿನ ಹಾಸ್ಟೆಲ್‌ಗೆ ಬಂದ ಮೊದಲ ದಿನ ‘ಊಟಾ ಆತೇನ್ರಿ?’ ಅಂದೆ. ರೂಮಿನಲ್ಲಿದ್ದ ಮೂವರೂ ನಕ್ಕರು. ‘ಇನ್ನೊಂದ್ಸಲ ಹೇಳೇ, ಕಾಮಿಡಿ ಆಗಿದೆ’ ಅಂದರು. ಅವರು ಕೆಟ್ಟವರೇನಲ್ಲ, ಈಗಲೂ ನನ್ನ ಗೆಳತಿಯರೇ. ನಾನು ಹೇಳಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆದರೆ ಅವರು ಅದುವರೆಗೆ ನಮ್ಮ ಭಾಷೆಯನ್ನು ಕೇಳಿದ್ದು ಸಿನಿಮಾದಲ್ಲಿ, ಅದೂ ಹಾಸ್ಯ ಪಾತ್ರದ ಬಾಯಲ್ಲಿ, ಇಲ್ಲ ಅಂದರೆ ಸಿಟ್ಟಿನ ಗೌಡನ ಬಾಯಲ್ಲಿ. ಪ್ರೀತಿ ಹೇಳಿಕೊಳ್ಳುವ ನಾಯಕಿ, ಕಾಯಿಲೆ ವಿವರಿಸುವ ಡಾಕ್ಟರು, ತೀರ್ಪು ಕೊಡುವ ನ್ಯಾಯಾಧೀಶರು ಆ ಭಾಷೆ ಆಡಿದ್ದನ್ನು ಅವರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮುಂದೆ ಎರಡು ತಿಂಗಳು ನಾನು ರೂಮಿನಲ್ಲಿ ‘ಊಟ ಆಯ್ತಾ?’ ಅಂತಲೇ ಕೇಳಿದೆ. ಅವ್ವನ ಫೋನ್ ಬಂದರೆ ಹೊರಗೆ ಹೋಗಿ ಮಾತಾಡಿದೆ. ಒಂದೇ ಥರದ ಚಿತ್ರವನ್ನು ಸಾವಿರ ಸಲ ತೋರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಇರುವ ಉದಾಹರಣೆ ಇದು. ಪುಸ್ತಕದಲ್ಲಿ ಇದಕ್ಕೆ ‘ಪಡಿಯಚ್ಚು’ ಅನ್ನುತ್ತಾರೆ. ಆಡುಮಾತಿನಲ್ಲಿ ‘ಸ್ಟೀರಿಯೊಟೈಪ್’.

ಪಡಿಯಚ್ಚು ಒಡೆಯುವುದೂ ಉಂಟು. ಕರಾವಳಿ ಕನ್ನಡಕ್ಕೂ ಸಿನಿಮಾದಲ್ಲಿ ಬಹಳ ಕಾಲ ಹೋಟೆಲ್ ಮಾಲೀಕನ, ಅಡುಗೆ ಭಟ್ಟರ ಪಾತ್ರ ಬಿಟ್ಟು ಹೆಚ್ಚಿಗೆ ಏನೂ ಸಿಕ್ಕಿರಲಿಲ್ಲ. 2022ರ ‘ಕಾಂತಾರ’ದಲ್ಲಿ ನಾಯಕನೇ ಆ ಕಡೆಯ ಮಾತಾಡಿದ. ಬೀದರ್‌ನಲ್ಲಿ ಕೂತವರೂ ನಗದೆ ಕೇಳಿದರು. ಇಷ್ಟಕ್ಕೆ ಖುಷಿಪಟ್ಟು ನಿಲ್ಲಬೇಡಿ, ಮುಂದಿನ ಪ್ರಶ್ನೆ ಕೇಳಿ. ಭೂತಕೋಲ ಕಟ್ಟುವವರು ಪರವ, ಪಂಬದ, ನಲಿಕೆ ಸಮುದಾಯದವರು. ಅವರ ಆಚರಣೆ ಪರದೆಗೆ ಬಂತು, ಕಥೆ ಯಾರ ಕಣ್ಣಿನಿಂದ ಬಂತು? ಅವರ ಮನೆಯ ಹೆಂಗಸರು ಎಷ್ಟು ಹೊತ್ತು ಕಂಡರು? ಹಾಗೆಯೇ ಪರದೆಯ ಹೊರಗೆ ಏನಾಯಿತು ಅಂತಲೂ ನೋಡಿ. ಸಿನಿಮಾ ಬಂದ ಮುಂದಿನ ತಿಂಗಳೇ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ತೋರಿಸುವ ರೀತಿಗೂ ಬದುಕಿಗೂ ಸಂಬಂಧವಿಲ್ಲ ಅನ್ನುವವರಿಗೆ ಇದನ್ನು ಹೇಳಿ.

ಈಗ ಕೆಲಸ. ಒಂದು ಹಾಳೆಯಲ್ಲಿ ಖಾನೆ ಎಳೆಯಿರಿ. ಯಾರು ಕಂಡರು? ಎಷ್ಟು ಹೊತ್ತು? ಅವರಿಗೆ ಹೆಸರಿದೆಯಾ, ಇಲ್ಲ ‘ಕೆಲಸದವಳು’, ‘ಡ್ರೈವರ್’ ಅಷ್ಟೇನಾ? ಬಾಯಿ ಬಿಟ್ಟು ಮಾತಾಡಿದರಾ? ಯಾವ ಕನ್ನಡ? ಏನು ಉದ್ಯೋಗ? ಕೊನೆಗೆ ಏನಾದರು, ಗೆದ್ದರಾ, ಸತ್ತರಾ, ಮಧ್ಯದಲ್ಲೇ ಮಾಯವಾದರಾ? ಹೆಂಗಸರ ಮಟ್ಟಿಗೆ ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್‌ಡೆಲ್ 1985ರಲ್ಲಿ ಬರೆದ ಒಂದು ಚಿತ್ರಪಟ್ಟಿಯಿಂದ ಬಂದ ಸಣ್ಣ ಪರೀಕ್ಷೆ ಇದೆ: ಸಿನಿಮಾದಲ್ಲಿ ಇಬ್ಬರು ಹೆಂಗಸರು ಇದ್ದಾರಾ, ಅವರು ಒಬ್ಬರಿಗೊಬ್ಬರು ಮಾತಾಡುತ್ತಾರಾ, ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೆಯದಾ? ಇದೊಂದರಿಂದ ಸಿನಿಮಾ ಒಳ್ಳೆಯದೋ ಕೆಟ್ಟದೋ ಹೇಳಲು ಬರುವುದಿಲ್ಲ. ಆದರೆ ನಿಮ್ಮ ಇಷ್ಟದ ಹತ್ತು ಸಿನಿಮಾಗೆ ಹಾಕಿ ನೋಡಿ, ಎಷ್ಟು ಪಾಸಾಗುತ್ತವೆ ಅಂತ.

ಕಾಣದವರನ್ನೂ ಬರೆಯಿರಿ. ಇದು ಕಷ್ಟ, ಯಾಕೆಂದರೆ ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ. ಬರಗಾಲದ ಸುದ್ದಿಯ ಜೊತೆ ಬರುವ ಫೋಟೊ ನೆನಪಿಸಿಕೊಳ್ಳಿ. ಬಿರುಕು ಬಿಟ್ಟ ನೆಲ, ತಲೆ ಮೇಲೆ ಕೈ ಹೊತ್ತ ಗಂಡಸು. ನಮ್ಮ ಹೊಲದಲ್ಲಿ ಕಳೆ ಕೀಳುವುದು, ಮೆಣಸಿನಕಾಯಿ ಬಿಡಿಸುವುದು ಬಹುಪಾಲು ಹೆಂಗಸರೇ. ‘ರೈತ’ ಅಂದಾಗ ಅವರ ಚಿತ್ರ ಬರುವುದಿಲ್ಲ. ಬಂದರೆ ‘ರೈತ ಮಹಿಳೆ’ ಅಂತ ಬೇರೆ ಹೆಸರಿನಲ್ಲಿ ಬರಬೇಕು.

4. ಪ್ರಕಾರ: ಇದು ಯಾವ ಬಗೆಯ ಕಥೆ?

ಸಿನಿಮಾ ಮಂದಿ ‘ಜಾನರ್’ ಅನ್ನುವುದು ಇದನ್ನೇ. ಚಿಕ್ಕವಳಿದ್ದಾಗ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದೆವು. ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಥಿಯೇಟರ್ ಹಾಕಿರುತ್ತವೆ. ಗಾಡಿಗೆ ಮೈಕ್ ಕಟ್ಟಿಕೊಂಡು ‘ಹಾಸ್ಯಭರಿತ ಸಾಮಾಜಿಕ ನಾಟಕ’ ಅಂತ ಕೂಗುತ್ತಾ ಹೋಗುತ್ತಿದ್ದರು. ಆ ಮೂರು ಪದದಲ್ಲಿ ಎಲ್ಲ ಇದೆ. ನಗಿಸುತ್ತೇವೆ, ದೇವರ ಕಥೆ ಅಲ್ಲ, ನಿಮ್ಮಂಥವರದ್ದೇ ಮನೆಯ ಕಥೆ, ಬನ್ನಿ. ಪ್ರಕಾರ ಅಂದರೆ ಹೀಗೆ ಮೊದಲೇ ಕೊಡುವ ಮಾತು. ಟಿಕೆಟ್ ತೆಗೆದುಕೊಳ್ಳುವವರು ಆ ಮಾತನ್ನು ನಂಬಿ ದುಡ್ಡು ಕೊಡುತ್ತಾರೆ.

ಕನ್ನಡ ಸಿನಿಮಾ ಈ ಕಂಪನಿ ನಾಟಕದ ಹೊಟ್ಟೆಯಲ್ಲೇ ಹುಟ್ಟಿದ್ದು. ರಾಜ್‌ಕುಮಾರ್ ಬಂದದ್ದೂ ಅಲ್ಲಿಂದಲೇ. ಹಾಗಾಗಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಅನ್ನುವ ನಮ್ಮ ಹಳೆಯ ವಿಂಗಡಣೆ ಹಾಲಿವುಡ್‌ನಿಂದ ಬಂದದ್ದಲ್ಲ, ರಂಗದಿಂದ ಬಂದದ್ದು. ಪಠ್ಯಪುಸ್ತಕದ ವೆಸ್ಟರ್ನ್ (ಕೌಬಾಯ್ ಕಥೆ), ನ್ವಾರ್ (ಕತ್ತಲು ತುಂಬಿದ ಅಪರಾಧ ಕಥೆ), ಮ್ಯೂಸಿಕಲ್ (ಹಾಡಿನಲ್ಲೇ ಸಾಗುವ ಕಥೆ) ಪಟ್ಟಿಯನ್ನು ತಂದು ನಮ್ಮ ಸಿನಿಮಾಗೆ ಹಾಗೇ ಅಂಟಿಸಬೇಡಿ. ಹಾಡು ಇದೆ ಅಂತ ನಮ್ಮ ಸಿನಿಮಾ ‘ಮ್ಯೂಸಿಕಲ್’ ಆಗುವುದಿಲ್ಲ. ನಮ್ಮಲ್ಲಿ ಎಲ್ಲದರಲ್ಲೂ ಹಾಡಿರುತ್ತದೆ.

ಪ್ರಕಾರ ಗುರುತಿಸಲು ಎರಡು ಪಟ್ಟಿ ಮಾಡಿ. ರಿಕ್ ಆಲ್ಟ್‌ಮನ್ ಎಂಬ ವಿದ್ವಾಂಸರು 1984ರಲ್ಲಿ ಸೂಚಿಸಿದ ದಾರಿ ಇದು, ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು, ಮೇಲೆ ಕಾಣುವ ಸಾಮಾನು: ಲಾಂಗು, ಗಡ್ಡ, ಮಾರ್ಕೆಟ್ಟಿನ ಗಲ್ಲಿ, ರಾತ್ರಿ, ಜೈಲು. ಎರಡು, ಒಳಗಿನ ಹೆಣಿಗೆ: ಒಳ್ಳೆಯ ಹುಡುಗ, ಒಂದು ಅನ್ಯಾಯ, ಲಾಂಗು ಹಿಡಿಯುವುದು, ಮೇಲೇರುವುದು, ತಾಯಿಯ ಕಣ್ಣೀರು, ಬೀಳುವುದು. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಗೆದ್ದ ಮೇಲೆ ಬಂದ ಭೂಗತ ಲೋಕದ ಸಿನಿಮಾಗಳ ಸಾಲಿನಿಂದ ಎರಡನ್ನು ಆರಿಸಿ ಈ ಪಟ್ಟಿ ಮಾಡಿ. ಸಾಮಾನು ಎಲ್ಲದರಲ್ಲೂ ಸಿಗುತ್ತದೆ. ಹೆಣಿಗೆ ಎಲ್ಲಿ ಬದಲಾಗಿದೆ ಅನ್ನುವುದೇ ಬರೆಯಬೇಕಾದ ವಿಷಯ. ಪ್ರೇಕ್ಷಕರಿಗೆ ಹಳೆಯದೂ ಬೇಕು, ಅದರೊಳಗೆ ಸ್ವಲ್ಪ ಹೊಸದೂ ಬೇಕು.

ಪ್ರಕಾರವನ್ನು ಪ್ರಾತಿನಿಧ್ಯದ ಜೊತೆ ಸೇರಿಸಿ ನೋಡಿದಾಗ ನಿಜವಾದ ಕುತೂಹಲ ಹುಟ್ಟುತ್ತದೆ. ಮೊದಲು ಹೇಳಿದ ನನ್ನ ಭಾಷೆಯ ಕಥೆಗೆ ಬನ್ನಿ. ಯಾರೋ ಉತ್ತರ ಕರ್ನಾಟಕದ ಮೇಲೆ ಹಟ ತೊಟ್ಟು ಹಾಗೆ ಮಾಡಿರಲಿಕ್ಕಿಲ್ಲ. ಹಾಸ್ಯ ದೃಶ್ಯ ಒಂದಿರಬೇಕು, ಬಂದ ಕೂಡಲೇ ‘ಇವನು ಬೇರೆ’ ಅಂತ ಗೊತ್ತಾಗಬೇಕು, ಅದಕ್ಕೆ ಬೇರೆ ಊರಿನ ಮಾತು ಸುಲಭದ ದಾರಿ. ಪ್ರಕಾರಕ್ಕೆ ಬೇಕಾದ ಅವಸರ ಪಡಿಯಚ್ಚನ್ನು ತಯಾರಿಸುತ್ತದೆ. ಇದು ತಿಳಿದಾಗ ನನ್ನ ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಎಲ್ಲಿಗೆ ತಿರುಗಿಸಬೇಕು ಅಂತ ಗೊತ್ತಾಯಿತು.

ಸುದ್ದಿಗೂ ಪ್ರಕಾರ ಇದೆ. ರಾತ್ರಿ ಬರುವ ಕ್ರೈಂ ಕಾರ್ಯಕ್ರಮ ನೋಡಿ. ದಪ್ಪ ದನಿ, ಹಾರರ್ ಸಿನಿಮಾದ ಸಂಗೀತ, ಕೆಂಪು ಬೆಳಕು, ಬಾಗಿಲು ಕಿರ್ರೆನ್ನುವ ಸದ್ದು, ‘ಅಷ್ಟಕ್ಕೂ ಅವತ್ತು ರಾತ್ರಿ ನಡೆದಿದ್ದೇನು?’ ಅನ್ನುವ ಪ್ರಶ್ನೆ, ತಕ್ಷಣ ಜಾಹೀರಾತು. ಸತ್ತದ್ದು ನಿಜವಾದ ಒಬ್ಬ ಹೆಣ್ಣುಮಗಳು. ಅವಳ ಅಪ್ಪ ಅಮ್ಮ ಬದುಕಿದ್ದಾರೆ. ಕಥೆಯ ಪ್ರಕಾರದಿಂದ ಸಾಮಾನು ಎರವಲು ತಂದು ಸುದ್ದಿಗೆ ತೊಡಿಸಿದಾಗ ನೋಡುವವರು ಅವಳ ಸಾವನ್ನು ಕಥೆಯ ಹಾಗೆ ನೋಡುತ್ತಾರೆ. ಮುಂದೇನಾಯಿತು ಅಂತ ಕಾಯುತ್ತಾರೆ. ಈ ಒಂದು ಕಾರ್ಯಕ್ರಮದ ಹತ್ತು ನಿಮಿಷವನ್ನು ಮೂರನೇ ವಿಧಾನದಲ್ಲಿ, ಅಂದರೆ ಬರೀ ಕಿವಿಯಿಂದ, ಕೇಳಿ. ಅದನ್ನು ಮಾಡಿಸಿದ ದಿನ ನನ್ನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

5. ಕಥನ: ಕಥೆಯನ್ನು ಹೇಗೆ ಹೆಣೆದಿದ್ದಾರೆ?

ಇದನ್ನು ಬೇಗ ಮುಗಿಸೋಣ, ಪುಸ್ತಕಗಳಲ್ಲಿ ಚೆನ್ನಾಗಿ ಸಿಗುತ್ತದೆ. ರಷ್ಯಾದ ಜನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಜನಪದ ಕಥೆಗಳನ್ನು ಇಟ್ಟುಕೊಂಡು, ಪಾತ್ರಗಳ ಹೆಸರು ಬೇರೆ ಬೇರೆ ಇದ್ದರೂ ಅವು ಮಾಡುವ ಕೆಲಸ ಕೆಲವೇ ಕೆಲವು ಅಂತ ತೋರಿಸಿದರು. ನಿಮ್ಮ ಅಜ್ಜಿ ಹೇಳಿದ ಏಳು ಸಮುದ್ರದಾಚೆಯ ರಾಜಕುಮಾರಿಯ ಕಥೆಗೂ ಇದು ಹೊಂದುತ್ತದೆ. ಚುನಾವಣೆ ಸುದ್ದಿಗೆ ಹಾಕಿ ನೋಡಿ: ಯಾರನ್ನು ನಾಯಕ ಮಾಡಿದ್ದಾರೆ, ಯಾರನ್ನು ಖಳ ಮಾಡಿದ್ದಾರೆ, ಮತದಾರರಿಗೆ ಯಾವ ಪಾತ್ರ ಕೊಟ್ಟಿದ್ದಾರೆ? ಬಹಳ ಸಲ ಮತದಾರರು ಕಾಯುವ ರಾಜಕುಮಾರಿ ಆಗಿರುತ್ತಾರೆ.

6. ಸಂಸ್ಥೆ: ದುಡ್ಡು ಎಲ್ಲಿಂದ ಬರುತ್ತದೆ?

ಪತ್ರಿಕೆಯ ಕೊನೆಯ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು, ಮುದ್ರಣಾಲಯ. ನಾವು ಯಾರೂ ಓದುವುದಿಲ್ಲ. ಮೊದಲು ಅದನ್ನು ಓದಿ. ವರ್ಷಕ್ಕೊಮ್ಮೆ, ಮಾರ್ಚ್ ಸುಮಾರಿಗೆ, ಮಾಲೀಕತ್ವದ ವಿವರವನ್ನೂ ಪತ್ರಿಕೆಗಳು ಪ್ರಕಟಿಸುತ್ತಾ ಬಂದಿವೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಈ ಪ್ರಶ್ನೆ ನಮ್ಮ ಮೊದಲ ಪತ್ರಿಕೆಯಿಂದಲೇ ಶುರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂತು. ತಂದವರು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಹರ್ಮನ್ ಮೋಗ್ಲಿಂಗ್. ಆ ದಿನವನ್ನೇ ಈಗ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಅದನ್ನು ಓದುವಾಗ ಮಿಷನ್‌ಗೆ ಪತ್ರಿಕೆ ಯಾಕೆ ಬೇಕಿತ್ತು ಅಂತ ಕೇಳಲೇಬೇಕು. ಹಾಗೆ ಕೇಳಿದರೆ ಮೋಗ್ಲಿಂಗ್ ಅವರು ಕನ್ನಡಕ್ಕೆ ಮಾಡಿದ ಕೆಲಸ ಚಿಕ್ಕದಾಗುವುದಿಲ್ಲ. ಇನ್ನೊಂದು ತುದಿಗೆ 1980ರ ‘ಲಂಕೇಶ್ ಪತ್ರಿಕೆ’ ಇದೆ. ಅದು ಜಾಹೀರಾತು ತೆಗೆದುಕೊಳ್ಳಲಿಲ್ಲ, ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಯಿತು. ಜಾಹೀರಾತು ಇಲ್ಲದ ಪತ್ರಿಕೆಗೆ ಯಾರ ಭಯ ಇರುವುದಿಲ್ಲ, ಯಾರನ್ನು ಮೆಚ್ಚಿಸಲೇಬೇಕಾಗುತ್ತದೆ? ಎರಡೂ ಕಡೆ ಯೋಚಿಸಿ ಬರೆಯಿರಿ.

ಟಿವಿಯಲ್ಲಿ ಟಿಆರ್‌ಪಿ. ಕೆಲವು ಮನೆಗಳಲ್ಲಿ ಮೀಟರ್ ಇಟ್ಟು, ಯಾರು ಏನು ನೋಡಿದರು ಅಂತ ಅಳೆದು, ವಾರಕ್ಕೊಮ್ಮೆ ಅಂಕಿ ಕೊಡುತ್ತಾರೆ. ಆ ಅಂಕಿಯ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಧಾರಾವಾಹಿಯಲ್ಲಿ ಒಂದು ಮದುವೆ ಮೂರು ವಾರ ನಡೆಯುವುದಕ್ಕೂ ಈ ಅಂಕಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಸಿನಿಮಾಗೆ ಬಂದರೆ, ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಥಿಯೇಟರ್‌ಗೆ ಬರುವುದು ದಶಕಗಳ ಕಾಲ ನಿಂತೇಹೋಗಿತ್ತು. ಅದಕ್ಕೆ ಕಾನೂನಿನ ತಡೆ ಇರಲಿಲ್ಲ, ಚಿತ್ರರಂಗದ ಸಂಘಟನೆಗಳ ವಿರೋಧ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಸಂಘಟನೆಗಳಿಗೆ ದಂಡ ಹಾಕಿತು. ನಮ್ಮ ಮಕ್ಕಳು ಕಾರ್ಟೂನನ್ನು ಯಾವ ಭಾಷೆಯಲ್ಲಿ ನೋಡಿ ಬೆಳೆದರು ಅನ್ನುವುದಕ್ಕೆ ಇಂಥ ಜಗಳಗಳೂ ಒಂದು ಕಾರಣ. ಕಲಾವಿದರ, ತಂತ್ರಜ್ಞರ ಹೊಟ್ಟೆಪಾಡಿನ ವಾದವೂ ಸುಳ್ಳಲ್ಲ. ಪರದೆ ಮೇಲೆ ಕಾಣುವುದನ್ನು ಮಾತ್ರ ಓದಿದರೆ ಇದು ಯಾವುದೂ ತಿಳಿಯುವುದಿಲ್ಲ.

7. ಪ್ರೇಕ್ಷಕರು ಏನು ಮಾಡಿಕೊಂಡರು?

ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಠ ಮಾಡಿದ ಸ್ಟುವರ್ಟ್ ಹಾಲ್ 1973ರಲ್ಲಿ ಒಂದು ಮುಖ್ಯ ಮಾತು ಹೇಳಿದರು. ಕಾರ್ಯಕ್ರಮ ಮಾಡಿದವ್ರು ಒಂದು ಅರ್ಥ ಇಟ್ಟು ಕಳಿಸುತ್ತಾರೆ, ನೋಡುವವರು ಅದನ್ನು ಹಾಗೇ ತೆಗೆದುಕೊಳ್ಳಬೇಕೆಂದಿಲ್ಲ. ಕೆಲವರು ಒಪ್ಪಿಕೊಳ್ಳುತ್ತಾರೆ. ಕೆಲವರು ಸ್ವಲ್ಪ ಒಪ್ಪಿ ಸ್ವಲ್ಪ ಬಿಡುತ್ತಾರೆ. ಕೆಲವರು ಎದುರು ನಿಲ್ಲುತ್ತಾರೆ.

ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಪಡಸಾಲೆಯಲ್ಲಿ ನೋಡಿದ್ದೆ. ಧಾರಾವಾಹಿಯಲ್ಲಿ ಸೊಸೆ ಎಲ್ಲವನ್ನೂ ನುಂಗಿಕೊಂಡು ದೀಪ ಹಚ್ಚುತ್ತಿದ್ದರೆ ಚಿಗವ್ವ ‘ಎಷ್ಟ್ ಛಲೋ ಹುಡುಗಿ’ ಅನ್ನುತ್ತಿದ್ದಳು. ಅವ್ವ ಮಾತ್ರ ‘ಆಕಿ ಯಾಕ ಸುಮ್ನ ಕುಂತಾಳ? ಎದ್ದ ಬರಬಾರದೇನು? ತವರಮನಿ ಇಲ್ಲೇನ ಆಕಿಗೆ?’ ಅಂತ ಟಿವಿಗೇ ಬೈಯುತ್ತಿದ್ದಳು. ಆದರೆ ಒಂದು ದಿನವೂ ನೋಡುವುದನ್ನು ಬಿಡಲಿಲ್ಲ. ಹಾಗಾಗಿ ‘ಧಾರಾವಾಹಿ ಹೆಂಗಸರನ್ನು ಹಾಳು ಮಾಡುತ್ತಿದೆ’ ಅಂತ ಬರೆಯುವ ಮೊದಲು ಒಂದು ಸಂಜೆ ನೋಡುವವರ ಪಕ್ಕದಲ್ಲಿ ಕೂರಿ. ಪರದೆ ಬಿಟ್ಟು ಅವರ ಮುಖ ನೋಡಿ. ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಬರೆದುಕೊಳ್ಳುವ ಮುಂಚೆ ಅವರನ್ನು ಕೇಳಿ.

8. ಬರೆಯುವುದು

ಒಂದು ಪ್ಯಾರಾಕ್ಕೆ ಒಂದೇ ಮಾತು ಇಟ್ಟುಕೊಳ್ಳಿ. ಮೊದಲು ಕಂಡದ್ದು, ಆಮೇಲೆ ಅದರ ಲೆಕ್ಕ, ಆಮೇಲೆ ನಿಮ್ಮ ಅಭಿಪ್ರಾಯ. ಈ ಕ್ರಮ ತಿರುಗಿಸಿದರೆ ಅಭಿಪ್ರಾಯಕ್ಕೆ ಹೊಂದುವುದು ಮಾತ್ರ ಕಣ್ಣಿಗೆ ಕಾಣಲು ಶುರುವಾಗುತ್ತದೆ. ‘ತೋರಿಸಲಾಗಿದೆ’, ‘ಬಿಂಬಿಸಲಾಗಿದೆ’ ಅಂತ ಬರೆಯಬೇಡಿ. ಯಾರು ತೋರಿಸಿದರು ಅಂತ ಬರೆಯಿರಿ. ‘ಇಳಿದ’, ‘ಇಳಿಸಿದ್ದ’ ನೆನಪಿದೆಯಲ್ಲ? ಮಾಧ್ಯಮಕ್ಕೆ ಕೇಳಿದ ಪ್ರಶ್ನೆಯನ್ನು ನಿಮ್ಮ ವಾಕ್ಯಕ್ಕೂ ಕೇಳಬೇಕು. ನಿಮ್ಮ ಊಹೆಗೆ ಎದುರಾಗಿ ನಿಲ್ಲುವ ಒಂದು ಉದಾಹರಣೆ ಸಿಕ್ಕರೆ ಮುಚ್ಚಿಡಬೇಡಿ, ಅದನ್ನೂ ಸೇರಿಸಿ. ಏಕವಚನದಲ್ಲಿ ಬರೆಸಿಕೊಂಡ ಉದ್ಯಮಿಯೂ, ‘ಅವರು’ ಅನ್ನಿಸಿಕೊಂಡ ಆಟೋ ಚಾಲಕರೂ ಸಿಗುತ್ತಾರೆ. ಯಾಕೆ ಅಂತ ಹುಡುಕುವಾಗ ಅಲ್ಲಿಂದ ಹೊಸ ಪ್ರಶ್ನೆ ಏಳುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ತುಣುಕು ಕತ್ತರಿಸಿದ ಕೂಡಲೇ ಅದರ ಹಿಂದೆ ಪತ್ರಿಕೆಯ ಹೆಸರು, ದಿನಾಂಕ, ಪುಟ ಮತ್ತು ಆವೃತ್ತಿ ಬರೆಯಿರಿ. ಆವೃತ್ತಿ ಮುಖ್ಯ. ಒಂದೇ ಪತ್ರಿಕೆಯ ಬೆಂಗಳೂರಿನ ಮುಖಪುಟ ಬೇರೆ, ಹುಬ್ಬಳ್ಳಿಯದು ಬೇರೆ ಇರುವುದುಂಟು. ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಈ ಭಾನುವಾರ ಫೋನ್ ಮಾಡಿ, ಮುಂದಿನ ಏಳು ದಿನದ ಪತ್ರಿಕೆಯನ್ನು ರದ್ದಿಗೆ ಹಾಕದೆ ಎತ್ತಿಡಲು ಹೇಳಿ. ನೀವಿರುವಲ್ಲಿನ ಏಳು ದಿನದ್ದನ್ನೂ ಎತ್ತಿಡಿ. ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಹಾಸಿ, ಕೆಂಪು ಪೆನ್ನಿನಲ್ಲಿ ‘ಎಂಬಾತ’ಕ್ಕೆ ಸುತ್ತು ಹಾಕುತ್ತಾ ಬನ್ನಿ.